ಕಂಬದ ಹಿಂದಿನ ಕುರ್ಚಿ

“ನಿಮ್ಮ ಕೈ ನೋಡಿದ್ರ ಗೊತ್ತಾಗ್ತದ ನೀವೆಷ್ಟು ಓದೀರಿ ಅಂತ. ಸಾಲಿ ಬಿಟ್ಟವರು ಹುಡುಗರ ತಲ್ಯಾಗ ಏನೇನರ ತುಂಬಬ್ಯಾಡ್ರಿ.”

ಹೀಗಂದವಳು ಕಿಟಕಿಯ ಆಚೆ ನಿಂತಿದ್ದಳು, ಕೈಯಲ್ಲಿ ಚಾಕ್‌ಪೀಸ್ ಹಿಡಿದುಕೊಂಡು. ಈಚೆ ಪಡಸಾಲೆಯಲ್ಲಿ ನಾನು. ನನ್ನ ಆಜೂಬಾಜು ಇಸ್ತ್ರಿ ಅಂಗಿ ತೊಟ್ಟ ಪಾಲಕರು. ಯಾರೋ ಕಿಸಕ್ಕನೆ ನಕ್ಕರು. ನನಗೆ ಆಗಷ್ಟೇ ಎಚ್ಚರವಾಗಿತ್ತು.

ಎಲ್ಲರ ಮುಂದೆ ಬಂದ ಮಾತಿಗೆ ತಿರುಗಿ ಮಾತು ಕೊಡದೆ ಬಿಟ್ಟವನಲ್ಲ ನಾನು. ಒಂಬತ್ತನೇತ್ತಾದಲ್ಲಿ ಮಾಸ್ತರು ಒಂದು ಅಂದರು, ನಾನೂ ಒಂದು ಅಂದೆ. ಮರುದಿನದಿಂದ ಸಾಲಿಯ ದಾರಿ ಹಿಡಿಯಲಿಲ್ಲ. ಅಂಥವನಿಗೆ ಈಕೆ ಏನು.

“ಹೌದ್ರಿ, ಗ್ರೈಂಡಿಂಗ್ ಮಾಡೋ ಕೈ ಇವು,” ಅಂದೆ. “ನಿಮ್ಮ ಬೋರ್ಡ್ ಮ್ಯಾಲಿನ ತಪ್ಪ ಒರಸಾಕ ಈ ಕೈ ಬೇಕಾಗಿಲ್ಲ. ಆ ಕೂಸಿನ ಕೈ ಸಾಕು.”

ಅವಳ ಮುಖದಿಂದ ರಕ್ತ ಇಳಿದು ಹೋದದ್ದು ನನಗೆ ಕಂಡಿತು. ಗೆದ್ದೆ ಅಂದುಕೊಂಡೆ. ಆದರೆ ಅವಳ ಬೆರಳಿನ ನಡುವೆ ಆ ಚಾಕ್‌ಪೀಸು ನಡುಗುತ್ತಿತ್ತಲ್ಲ, ಅದು ಕಣ್ಣಿಂದ ಹೋಗಲಿಲ್ಲ.

ಆದದ್ದು ಇಷ್ಟೇ. ಧಾರವಾಡದ ಸಪ್ತಾಪುರದ ಒಂದು ಹಳೇ ಬಂಗಲೆಯಲ್ಲಿ ಶಾಣ್ಯಾ ಹುಡುಗರಿಗಾಗಿ ಶನಿವಾರದ ಕ್ಲಾಸು ನಡೆಯುತ್ತದೆ. ಪರೀಕ್ಷೆ ಮಾಡಿ ಆರಿಸಿದ ಹುಡುಗರು. ಆ ಹುಡುಗರಲ್ಲಿ ನನ್ನ ಅಕ್ಕ ಪ್ರಭಾವತಿಯ ಮಗಳು ದಾಕ್ಷಾಯಿಣಿಯೂ ಒಬ್ಬಳು. ಐದನೇತ್ತಾ ಹುಡುಗಿ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡಿನಲ್ಲಿ ಎರಕ ಹೊಯ್ದ ವಾಲ್ವುಗಳ ಚೂಪು ಉಜ್ಜುವವನು. ಶುಕ್ರವಾರದ ನೈಟ್ ಶಿಫ್ಟ್ ಮುಗಿಸಿ, ಮುಖಕ್ಕೆ ನೀರು ಹೊಡೆದುಕೊಂಡು, ಅವಳನ್ನು ಚಿಗರಿ ಬಸ್ಸಿನಲ್ಲಿ ಕರೆತಂದು, ಕ್ಲಾಸು ಬಿಡುವವರೆಗೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿದ್ದೆ ಹೊಡೆಯುವುದು ನನ್ನ ಶನಿವಾರ.

ಅವತ್ತು ಹೊಸ ಟೀಚರ್ ಮಾನಸಿಯ ಮೊದಲ ಕ್ಲಾಸು. ದಾಕ್ಷಿ ಎದ್ದು ಕೇಳಿದಳಂತೆ, ಸೊನ್ನೆ ಸಮ ಸಂಖ್ಯೆಯೋ ಬೆಸ ಸಂಖ್ಯೆಯೋ ಅಂತ. ಟೀಚರ್ ಎರಡೂ ಅಲ್ಲ ಅಂದು ಬೋರ್ಡಿನ ಮೇಲೆ ಬರೆದೂಬಿಟ್ಟಳು. ದಾಕ್ಷಿ ಅಂದಳು, ಅವಳ ದನಿಗೇ ನನಗೆ ಎಚ್ಚರವಾದದ್ದು: “ತಪ್ಪ ಟೀಚರ್. ನಮ್ಮವ್ವ ಖಾನಾವಳಿಗೆ ರೊಟ್ಟಿ ಕೊಡುವಾಗ ಜೋಡಿ ಜೋಡಿ ಇಡ್ತಾಳ. ಒಂಟಿ ಉಳದ್ರ ಬೆಸ. ಡಬ್ಬ್ಯಾಗ ರೊಟ್ಟಿನ ಇಲ್ಲಾಂದ್ರ ಒಂಟಿ ರೊಟ್ಟಿನೂ ಇಲ್ಲ. ಅಂದಮ್ಯಾಲೆ ಸೊನ್ನಿ ಸಮ.”

ಕಿಟಕಿಯಲ್ಲಿ ಇಣುಕುತ್ತಿದ್ದ ಪಾಲಕರು ನಕ್ಕರು. ಟೀಚರ್ ಗಾಬರಿಯಾಗಿ, “ಇದನ್ನೆಲ್ಲ ಯಾರು ಹೇಳಿಕೊಟ್ಟಾರ?” ಅಂತ ಕೇಳಿದಳು. ದಾಕ್ಷಿ ನನ್ನ ಕಡೆ ಬೊಟ್ಟು ಮಾಡಿ, “ಮಾಮಾನ ಮುಂದ ಕುಂತು ನೋಡೇನ್ರಿ” ಅಂದಳು. ಅದಕ್ಕೆ ಬಂದದ್ದು ಆ ಮಾತು.

*

ಹುಬ್ಬಳ್ಳಿಗೆ ಹೊರಟ ಚಿಗರಿಯನ್ನು ಆ ಟೀಚರೂ ಹತ್ತಿದಳು. ನನ್ನ ನಸೀಬ. ಎರಡು ಸೀಟು ಮುಂದೆ ಕೂತು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಳುತ್ತಿದ್ದಳೋ ಏನೋ. ನನಗೇನು, ನಾನು ಕಣ್ಣು ಮುಚ್ಚಿದೆ.

ದಾಕ್ಷಿ ಎದ್ದು ಅವಳ ಪಕ್ಕ ಹೋಗಿ ಕೂತದ್ದು ಗೊತ್ತಾಯಿತು. ಅರೆ ನಿದ್ದೆಯಲ್ಲಿ ಇಬ್ಬರ ಮಾತೂ ಕೇಳುತ್ತಿತ್ತು.

“ಟೀಚರ್, ನಮ್ಮ ಮಾಮಾ ಏನೂ ಹೇಳಿಕೊಟ್ಟಿಲ್ರಿ. ಅವಗ ಏನೂ ಗೊತ್ತಿಲ್ಲ.”

“ಹಂಗ ಅನ್ನಬಾರದು ಪುಟ್ಟಿ.”

“ಖರೇನ್ರಿ. ಏನ್ ಕೇಳಿದ್ರೂ ನಂಗೊತ್ತಿಲ್ಲ, ನೀನ ನೋಡಿ ಹೇಳು ಅಂತಾನ. ನಾ ನೋಡಿ ಬಂದು ಹೇಳೂದ್ರಾಗ ಮಕ್ಕೊಂಡಿರ್ತಾನ.”

ಅವಳು ನಕ್ಕಳು. ಅತ್ತ ಗಂಟಲಿನಿಂದ ಬಂದ ನಗು, ಎರಡು ಕಡೆ ತಡೆತಡೆದು ಬಂತು. ನಾನು ಕಣ್ಣು ತೆರೆಯಲಿಲ್ಲ. ನಿದ್ದೆ ಮಾತ್ರ ಹಾರಿಹೋಯಿತು.

*

ಮುಂದಿನ ಶನಿವಾರ ಅವಳು ಬೋರ್ಡಿನ ಮುಂದೆ ನಿಂತು ಹೇಳಿದ್ದು ಕಿಟಕಿಯಿಂದ ಕೇಳಿಸಿತು. “ಸೊನ್ನೆ ಸಮ ಸಂಖ್ಯೆ. ಹೋದ ವಾರ ನಾನು ತಪ್ಪು ಹೇಳಿದ್ದೆ. ದಾಕ್ಷಾಯಿಣಿ ಹೇಳಿದ್ದು ಸರಿ ಅದ.”

ನನ್ನ ಕ್ಷಮಾ ಗಿಮಾ ಏನೂ ಕೇಳಲಿಲ್ಲ. ಆದರೆ ಪಡಸಾಲೆಯ ತುದಿಯಲ್ಲಿ, ದಪ್ಪ ಕಂಬದ ಹಿಂದೆ, ಕೈಗಳಿರುವ ಒಂದು ಕುರ್ಚಿ ಬಂದು ಕೂತಿತ್ತು. ಅಲ್ಲಿ ಬಿಸಿಲು ಬರುವುದಿಲ್ಲ. ಪಾಲಕರ ಕಣ್ಣೂ ಬೀಳುವುದಿಲ್ಲ.

“ಇದು ಯಾರ ಕುರ್ಚಿ?” ಅಂತ ಸಿಪಾಯಿ ಗುಲಾಬಸಾಬನನ್ನು ಕೇಳಿದೆ.

“ಹೊಸಾ ಟೀಚರ್ ಬಾಯಾರು ಇಡ್ಸ್ಯಾರ. ರಾತ್ರಿ ಪಾಳಿ ಮಾಡಿ ಬಂದವ್ರಿಗೆ ಅಂದ್ರು. ನೀನ ಅಲ್ಲೇನು ಆ ಪಾಳಿಯಾಂವ?”

ನಾನು ಗೋಡೆಗೆ ಒರಗಿ ನಿಂತೆ. ಕೂಡುವುದಿಲ್ಲ, ಯಾರ ಉಪಕಾರವೂ ಬೇಕಾಗಿಲ್ಲ ಅಂತ. ಸಿಟ್ಟು ಇತ್ತು. ಆದರೆ ಕಾಲಿಗೆ ಅಷ್ಟು ಸಿಟ್ಟು ಇರಲಿಲ್ಲ. ಕೂತೆ. ಎಷ್ಟು ವರ್ಷವಾಗಿತ್ತೋ ಹಗಲಿನಲ್ಲಿ ಹಾಗೆ ನಿದ್ದೆ ಬಂದು.

*

ಆಮೇಲೆ ಬಸ್ಸಿನಲ್ಲಿ ಮಾತು ಶುರುವಾಯಿತು. ದಾಕ್ಷಿಗೆ ಕಿಟಕಿ ಬೇಕು, ಹಾಗಾಗಿ ನಡುವೆ ಮಾನಸಿ, ಆಮೇಲೆ ಓಡಾಡುವ ದಾರಿ, ದಾರಿಯ ಈಚೆ ನಾನು.

“ನೀಲಪ್ಪ ಅಂದ್ರ ನಮ್ಮ ಅಜ್ಜನ ಗೆಳ್ಯಾರ ಹೆಸರು ಇದ್ದಂಗ ಅದ,” ಅಂದಳು ಒಂದು ದಿನ.

“ನಮ್ಮ ಅಜ್ಜಂದ ಹೆಸರ್ರಿ. ಸಿಟ್ಟೂ ಅವಂದ.”

“ಸಿಟ್ಟು ಅಜ್ಜಂದು. ಮತ್ತ ನಿಮ್ದು ಅಂತ ಏನದ?”

“ನಿದ್ದಿ.”

ಅವಳು ತುಟಿ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ನಗುವಾಗ ಮುಖ ತಿರುಗಿಸುವ ಅಭ್ಯಾಸ ಅವಳಿಗೆ. ಆದರೆ ಗಾಜಿನಲ್ಲಿ ಎಲ್ಲಾ ಕಾಣುತ್ತದೆ. ಉಣಕಲ್ ಕೆರೆಯ ನೀರಿನ ಮೇಲೆ ಅವಳ ಮುಖ ತೇಲಿಕೊಂಡು ಹೋಗುತ್ತಿತ್ತು, ನಗುತ್ತಾ. ನಾನು ಕೆರೆ ನೋಡುವವನ ಹಾಗೆ ನೋಡಿದೆ. ಗಾಜಿನೊಳಗಿನ ಕಣ್ಣು ನನ್ನನ್ನು ಹಿಡಿದುಬಿಟ್ಟಿತು. ಕೆರೆ ಮುಗಿದ ಮೇಲೂ ಬಿಡಲಿಲ್ಲ.

ಇನ್ನೊಂದು ಶನಿವಾರ ಅವಳು ಬಹಳ ಸುಸ್ತಾಗಿದ್ದಳು.

“ಬಿ.ಎಡ್. ಮಾಡೋವಾಗ ಎಲ್ಲಾ ಕಲಿಸಿದ್ರು,” ಅಂದಳು. “ನನಗಿಂತ ಶಾಣ್ಯಾ ಹುಡುಗರು ಮುಂದ ಬಂದು ಕೂತ್ರ ಏನ್ ಮಾಡಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ವಾರವೆಲ್ಲ ಓದಿಕೊಂಡು ಬರ್ತೀನಿ. ಒಂದು ಪ್ರಶ್ನಿಗೆ ಎಲ್ಲಾ ಖಾಲಿ. ನಾ ಏನೂ ಶಾಣ್ಯಾಕಿ ಅಲ್ರಿ. ಬರೇ ಕಷ್ಟಪಟ್ಟು ಪಾಸಾದಾಕಿ.”

ಇಂಥ ಮಾತನ್ನು ಓದಿದವರ ಬಾಯಲ್ಲಿ ನಾನು ಕೇಳಿರಲಿಲ್ಲ.

“ನಾನೂ ಶಾಣ್ಯಾ ಅಲ್ರಿ,” ಅಂದೆ. “ಕಷ್ಟಪಟ್ಟು ಫೇಲ್ ಆದಾಂವ.”

“ನಿಮ್ಮನ್ಯಾಗ ದಿನಾ ಒಬ್ಬಾಕಿ ಇರ್ತಾಳಲ್ಲ, ಪ್ರಶ್ನಿ ಕೇಳಾಕಿ. ನೀವು ಹೆಂಗ ತಡಕೋತೀರಿ?”

“ತಡಕೊಳ್ಳೂದೇನೈತ್ರಿ ಅದ್ರಾಗ. ಗೊತ್ತಿಲ್ಲ ಅಂತೇನಿ. ಅಕಿ ನೋಡಾಕ ಹೊಕ್ಕಾಳ. ನಾ ಮಕ್ಕೋತೇನಿ.”

ಅವಳು ನಗಲಿಲ್ಲ. ವಿದ್ಯಾನಗರದಲ್ಲಿ ಇಳಿಯುವಾಗ ತಿರುಗಿ, “ಗೊತ್ತಿಲ್ಲ ಅಂದ್ರ ಹುಡುಗರು ಮರ್ಯಾದಿ ಕೊಡ್ತಾರೇನ್ರಿ?” ಅಂತ ಕೇಳಿದಳು.

ಉತ್ತರ ಕೊಟ್ಟದ್ದು ದಾಕ್ಷಿ. “ಸುಳ್ಳ ಹೇಳಿದ್ರ ಕೊಡಂಗಿಲ್ರಿ ಟೀಚರ್.”

ಅದಾದ ಮೇಲೆ ಕಂಬದ ಹಿಂದೆ ನನಗೆ ನಿದ್ದೆ ಕಡಿಮೆಯಾಯಿತು. ಒಳಗೆ ಕ್ಲಾಸಿನ ದನಿಯೇ ಬೇರೆಯಾಗಿತ್ತು. “ನನಗ ಗೊತ್ತಿಲ್ಲ, ನೋಡೂಣು ಬರ್ರಿ,” ಅನ್ನುತ್ತಿದ್ದಳು ಅವಳು. ಹುಡುಗರು ಗುಂಪುಗೂಡಿ ಜಗಳ ಆಡುತ್ತಿದ್ದರು, ಬೋರ್ಡು ತುಂಬಿಸುತ್ತಿದ್ದರು, ಅಳಿಸುತ್ತಿದ್ದರು. ಮೊದಲು, ಲಗೂ ಮುಗಿಸಿದ ಹುಡುಗರಿಗೆ ಅವಳು ಅಂಥವೇ ಇನ್ನೊಂದಿಷ್ಟು ಲೆಕ್ಕ ಕೊಡುತ್ತಿದ್ದಳು. ದಾಕ್ಷಿ ಅದನ್ನು ತಿಳಿದುಕೊಂಡು ಪೆನ್ಸಿಲ್ ಕಚ್ಚುತ್ತಾ ಕೂಡುವುದನ್ನು ಕಲಿತಿದ್ದಳು. ನಮ್ಮ ಶೆಡ್ಡಿನಲ್ಲೂ ಹಾಗೇ, ಲಗೂ ಮುಗಿಸಿದವನ ಮುಂದೆ ಮತ್ತೊಂದು ರಾಶಿ ವಾಲ್ವು ತಂದು ಸುರಿಯುತ್ತಾರೆ, ಅದಕ್ಕೇ ಯಾರೂ ಲಗೂ ಮುಗಿಸುವುದಿಲ್ಲ ಅಂತ ನಾನು ಬಸ್ಸಿನಲ್ಲಿ ಚೇಷ್ಟೆಗೆ ಹೇಳಿದ್ದೆ. ಮಾನಸಿ ಆ ಪದ್ಧತಿಯನ್ನೂ ಬಿಟ್ಟಳು. ಈಗ ಮುಗಿಸಿದವರು ತಾವೇ ಒಂದು ಪ್ರಶ್ನೆ ಹುಟ್ಟಿಸಬೇಕು. ದಾಕ್ಷಿ ಮನೆಯಲ್ಲಿ ಉಣ್ಣುವಾಗಲೂ ಪ್ರಶ್ನೆ ಹುಟ್ಟಿಸುತ್ತಾ ಕೂಡುತ್ತಿದ್ದಳು. ಅಷ್ಟು ಖುಷಿಯನ್ನು ನಾನು ಆ ಹುಡುಗಿಯ ಮುಖದಲ್ಲಿ ನೋಡಿರಲಿಲ್ಲ. ಅವಳಪ್ಪ ಬಿಟ್ಟುಹೋದ ಮೇಲಂತೂ ಇಲ್ಲ.

ಆ ಮಾತೂ ಬಸ್ಸಿನಲ್ಲೇ ಬಂತು. ಹೊರಗೆ ಚಳಿ, ಒಳಗೆ ಎಸಿಯ ಚಳಿ. ಅಕ್ಕ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಟೀಚರಿಗೆ ಕೊಟ್ಟು ದಾಕ್ಷಿ ನನ್ನ ಮಾನ ಹರಾಜಿಗೆ ಇಟ್ಟಳು.

“ಟೀಚರ್, ನಮ್ಮ ಮಾಮಾಗ ಗೊತ್ತಿಲ್ಲಾಂದ್ರ ಲಗೂನ ಗೊತ್ತಿಲ್ಲ ಅಂತಾನ. ಗೊತ್ತಿದ್ರ ಬಾಯಿ ತಗಿಯಂಗಿಲ್ಲ. ಎದ್ದು ಹೊಕ್ಕಾನ.”

“ಹಂಗಂದ್ರ?”

“ನಿನ್ನಿ ಅವ್ವ ಕೇಳಿದ್ಲು, ಹೋಳಿಗಿ ಯಾರು ಕದ್ದು ತಿಂದ್ರು ಅಂತ. ಎದ್ದು ಹ್ವಾದ. ಮತ್ತ ಕೇಳಿದ್ಲು, ಯಾಕಪಾ, ಈಗೀಗ ಗಡ್ಡಾ ಬೋಳಿಸಿಕೊಂಡು ಹೊಂಟಿ ಧಾರವಾಡಕ್ಕ ಅಂತ. ಆವಾಗೂ ಎದ್ದು ಹ್ವಾದ.”

ನನ್ನ ಕಿವಿ ಕಾದವು. ಮಾನಸಿ ಮುಖ ತಿರುಗಿಸಿದಳು, ಆದರೆ ಗಾಜಿದೆಯಲ್ಲ. ಗಾಜಿನಲ್ಲಿ ಅವಳು ನನ್ನ ಗದ್ದವನ್ನೇ ನೋಡುತ್ತಿದ್ದಳು, ಅಲ್ಲಿ ಬ್ಲೇಡು ತಾಗಿದ ಗೆರೆಯನ್ನು.

“ಭಾಳ ಹಿಂದ ನಾನೂ ಕೇಳಿದ್ದೆ,” ಅಂದಳು ದಾಕ್ಷಿ, ದನಿ ಬದಲಾಗದೆ. “ನಮ್ಮಪ್ಪ ಯಾವಾಗ ಬರ್ತಾನ ಅಂತ. ಎದ್ದು ಹ್ವಾದ. ಆವಾಗ ನನಗ ತಿಳೀತು, ಬರಂಗಿಲ್ಲ ಅಂತ.”

ಹುಡುಗಿ ಗಾಜಿಗೆ ಉಸಿರು ಬಿಟ್ಟು ಬೆರಳಿನಿಂದ ಸೊನ್ನೆ ಬರೆಯುತ್ತಾ ನಿದ್ದೆ ಹೋದಳು. ಮಾನಸಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಹೊರಗೆ ನೋಡಿದೆ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ತಿಳಿಯಲಿಲ್ಲ.

“ನೀಲಪ್ಪಾರ,” ಅಂದಳು ಮೆಲ್ಲಗೆ. “ಅವತ್ತು ನಿಮ್ಮ ಕೈ ಬಗ್ಗೆ ಅಂದ ಮಾತು. ನನಗ ಭಾಳ ಹೆದರಿಕಿ ಆಗಿತ್ತು. ಹೆದರಿದವರು ಸಮೀಪ ಇದ್ದವರಿಗೆ ಚುಚ್ಚತಾರ.”

“ನಾನೂ ಚುಚ್ಚೇನಲ್ರಿ. ಸಮ ಆತು.”

“ಒಂಟಿ ಏನೂ ಉಳೀಲಿಲ್ಲ ಅಂತೀರಿ.”

“ಇಲ್ರಿ.”

ಅವಳ ಕೈ ಸೀಟಿನ ಅಂಚಿನ ಮೇಲಿತ್ತು, ಉಗುರಿನ ಸಂದಿಯಲ್ಲಿ ಚಾಕಿನ ಬಿಳಿ ಧೂಳು. ನನ್ನದು ದಾರಿಯ ಈಚೆ, ಉಗುರಿನ ಸಂದಿಯಲ್ಲಿ ಕಬ್ಬಿಣದ ಕರಿ. ಎಷ್ಟು ತೊಳೆದರೂ ಎರಡೂ ಹೋಗುವಂಥವಲ್ಲ. ಬಸ್ಸು ನವನಗರದ ಸ್ಟಾಪಿನಲ್ಲಿ ನಿಂತಿತು, ಜನ ಹತ್ತಿದರು, ಒಬ್ಬ ಮುದುಕಿಗೆ ನಾನು ಸೀಟು ಬಿಟ್ಟೆ. ಮಾನಸಿ ದಾಕ್ಷಿಯನ್ನು ಒತ್ತಿ ಸರಿದು ನನಗೆ ಅರ್ಧ ಸೀಟು ಮಾಡಿದಳು. ಅರ್ಧ ಸೀಟಿನ ಮೇಲೆ ಅರ್ಧ ಮೈ ಕೂತೆ. ಸ್ವಲ್ಪ ಹೊತ್ತಿಗೆ ವಾರದ ದಣಿವೆಲ್ಲ ಬಂದು ಅವಳ ತಲೆ ನನ್ನ ಹೆಗಲಿಗೆ ಬಿತ್ತು.

ಎಲ್ಲಿ ಒರಗಿದರೂ ನಿದ್ದೆ ಹೋಗುವ ನಾನು ಅವತ್ತು ರೆಪ್ಪೆ ಮುಚ್ಚಲಿಲ್ಲ. ಹೆಗಲು ಜೋಮು ಹಿಡಿಯಿತು. ಅಲುಗಾಡಲಿಲ್ಲ. ವಿದ್ಯಾನಗರ ದಾಟಿಹೋದರೆ ಹೋಗಲಿ ಅಂತ ಮನಸ್ಸು ಅಂತು. ಆದರೂ ಸ್ಟಾಪು ಬಂದಾಗ ಎಬ್ಬಿಸಿದೆ. ಅವಳು ಕಣ್ಣು ಬಿಟ್ಟು, ಯಾರ ಹೆಗಲು ಅಂತ ನೋಡಿ, ತಲೆಯೆತ್ತಲು ಒಂದು ಗಳಿಗೆ ತಡಮಾಡಿದಳು. ಆ ತಡ ನನಗೆ ಸಾಕಾಗಿತ್ತು. ಆ ವಾರವೆಲ್ಲ ಗ್ರೈಂಡರಿನ ಕಿಡಿ ನೋಡುತ್ತಾ ಅದನ್ನೇ ನೆನೆದೆ.

*

ಬೇರೆ ಯಾರಿಗೋ ಅದು ಫೋಟೋ ಆಗಿತ್ತು. ಪಾಲಕರ ವಾಟ್ಸಾಪ್ ಗ್ರೂಪಿಗೆ ಬಂತು. ಹಿಂದಿನ ಸೀಟಿನಿಂದ ತೆಗೆದದ್ದು, ನನ್ನ ಹೆಗಲು, ಅವಳ ಜಡೆ. ಕೆಳಗೆ ಶಶಿಕುಮಾರ ಅನ್ನುವವರು ಬರೆದಿದ್ದರು: ‘ಚಿಗರಿಯಲ್ಲಿ ಸ್ಪೆಷಲ್ ಕ್ಲಾಸ್. ಕೆಲವು ಮಕ್ಕಳು ಯಾಕೆ ಮುಂದೆ ಅಂತ ಈಗ ತಿಳೀತು.’ ಈ ಶಶಿಕುಮಾರರ ಮಗ ಸುಶ್ರುತ ದಾಕ್ಷಿಯ ಕ್ಲಾಸಿನವನೇ, ಪಾಪ, ಒಳ್ಳೆಯ ಹುಡುಗ. ಅವತ್ತು ಮೊದಲ ದಿನ ಕಿಸಕ್ಕನೆ ನಕ್ಕದ್ದು ಈ ಅಪ್ಪನೇ.

ಮುಂದಿನ ಶನಿವಾರ ಪಾಲಕರ ಸಭೆ ಕರೆದರು. ಅಕ್ಕನೂ ಬಂದಳು, ರೊಟ್ಟಿಯ ಬುಟ್ಟಿ ಪಕ್ಕದ ಮನೆಯವರಿಗೆ ವಹಿಸಿ. ಸಭೆಗೆ ಮೊದಲು ಕ್ಲಾಸಿನ ಮುಖ್ಯಸ್ಥರು ಯಜ್ಞೇಶ್ವರ ಸರ್ ನನ್ನನ್ನು ಒಳಗೆ ಕರೆದರು. ವಯಸ್ಸಾದವರು, ಕೆಟ್ಟವರಲ್ಲ.

“ಕೂಡು ನೀಲಪ್ಪ. ನೋಡು, ಮಾನಸಿ ಇನ್ನೂ ಪ್ರೊಬೇಷನ್ ಮ್ಯಾಲೆ ಇದ್ದಾಳ. ಕಾಯಂ ಮಾಡೋದು ಬಿಡೋದು ಈ ವಾರ ಕಮಿಟಿ ಕೈಯಾಗ ಅದ. ನಾ ಎಷ್ಟೋ ಟೀಚರ್ಸ್ ನೋಡೀನಿ, ಈ ಹುಡುಗರ ಮುಂದ ನಿಂತು ‘ನನಗ ಗೊತ್ತಿಲ್ಲ’ ಅನ್ನೋವರನ್ನ ನೋಡಿಲ್ಲ. ಅಕಿ ಹೋದ್ರ ಈ ಕ್ಲಾಸು ಮತ್ತ ಬರೇ ಟ್ಯೂಷನ್ ಆಗ್ತದ.”

“ನಾ ಏನ್ ಮಾಡಬೇಕ್ರಿ?”

“ಹೊರಗ ಕೇಳ್ತಾರ. ಏನೂ ಇಲ್ಲ ಅಂತ ಒಂದು ಮಾತು ಹೇಳಿಬಿಡು. ಮುಗೀತು. ಹೌದು ಅಂದ್ರ ಮಾತ್ರ ಕಮಿಟಿಯವರು ಅಕಿನ್ನ ಇಟ್ಟುಕೊಳ್ಳಂಗಿಲ್ಲ.”

ಹೊರಗೆ ಬಂದು ಕಂಬದ ಹಿಂದಿನ ಕುರ್ಚಿಯಲ್ಲಿ ಕೂತೆ. ಅವತ್ತು ಆ ಕಂಬ ಯಾರಿಂದಲೂ ನನ್ನನ್ನು ಮರೆ ಮಾಡಲಿಲ್ಲ. ಎಲ್ಲರೂ ಕುರ್ಚಿ ತಿರುಗಿಸಿ ನನ್ನ ಕಡೆಗೇ ಕೂತಿದ್ದರು.

“ಏನಪಾ,” ಅಂದರು ಶಶಿಕುಮಾರ. “ಗ್ರೈಂಡಿಂಗ್ ಬಿಟ್ಟು ಟೀಚರ್ ಹಿಂದ ಬಿದ್ದೀಯೇನು? ಹುಡುಗಿಗೆ ಮಾರ್ಕ್ಸ್ ಬೇಕಂದ್ರ ಬ್ಯಾರೆ ದಾರಿ ಇರಲಿಲ್ಲಾ?”

ಅಕ್ಕ ನನ್ನ ತೋಳು ಹಿಡಿದಳು. ಅವಳಿಗೆ ನನ್ನ ಕೈ ಗೊತ್ತು. ಆ ಮನುಷ್ಯನ ಇಸ್ತ್ರಿ ಅಂಗಿಯ ಕಾಲರು ನನ್ನ ಕೈಯಿಂದ ಎಷ್ಟು ದೂರ ಅಂತ ಕಣ್ಣು ಆಗಲೇ ಅಳೆದಿತ್ತು. ಬಾಯಿಗೆ ನಾಲ್ಕು ಮಾತು ಬಂದು ನಿಂತಿದ್ದವು, ಒಂದಕ್ಕಿಂತ ಒಂದು ಹರಿತ.

ಆಗ ಕ್ಲಾಸಿನ ಬಾಗಿಲು ತೆರೆಯಿತು. ಮಾನಸಿ ಹೊರಗೆ ಬಂದಳು, ಹಿಂದೆಯೇ ಹುಡುಗರ ದಂಡು. ಕೈಯಲ್ಲಿ ಚಾಕ್‌ಪೀಸು. ಈ ಸಲ ಅದು ನಡುಗುತ್ತಿರಲಿಲ್ಲ.

“ಅವರಿಗ್ಯಾಕ ಕೇಳ್ತೀರಿ, ನನಗ ಕೇಳ್ರಿ,” ಅಂದಳು. “ದಾಕ್ಷಾಯಿಣಿಗೆ ನಾ ಮಾರ್ಕ್ಸ್ ಕೊಟ್ಟಿಲ್ಲ. ಈ ಕ್ಲಾಸಿನ್ಯಾಗ ಮಾರ್ಕ್ಸ್ ಇಲ್ಲ. ಬೇಕಂದ್ರ ನಿಮ್ಮ ಸುಶ್ರುತನ್ನ ಕೇಳ್ರಿ.”

ಸುಶ್ರುತ ತಲೆಯಾಡಿಸಿದ. ಅಪ್ಪನ ಮುಖ ಗಂಟಿಕ್ಕಿತು. “ಅದು ಬಿಡ್ರಿ ಬಾಯಾರ. ಈ ಮನಷ್ಯಾ ನಿಮಗ ಏನಾಗಬೇಕು?”

ಅವಳು ಯೋಚಿಸಿದಳು. ಬೋರ್ಡಿನ ಮುಂದೆ, ಹೊಸ ಪ್ರಶ್ನೆ ಬಂದಾಗ ನಿಲ್ಲುತ್ತಾಳಲ್ಲ, ಥೇಟ್ ಹಾಗೆ.

“ನನಗ ಗೊತ್ತಿಲ್ರಿ,” ಅಂದಳು.

ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಯಜ್ಞೇಶ್ವರ ಸರ್ ಗಂಟಲು ಸರಿಮಾಡಿಕೊಂಡು ನನ್ನ ಕಡೆ ನೋಡಿದರು, ಹೇಳು ಅನ್ನುವಂತೆ. ಅವಳೂ ತಿರುಗಿದಳು. ಈಗ ನಡುವೆ ಗಾಜಿರಲಿಲ್ಲ. ದಣಿದ ಕಣ್ಣು, ಕೆಳಗೆ ಕಪ್ಪು. ನಾನು ಕೆರೆ ನೋಡುವವನ ಹಾಗೆ ನೋಡುವುದನ್ನು ಬಿಟ್ಟೆ.

“ನಿಮಗ ಗೊತ್ತದ ಏನ್ರಿ, ನೀಲಪ್ಪ?” ಅಂತ ಕೇಳಿದಳು.

ಹೌದು ಅಂದರೆ ಅವಳ ಹುಡುಗರು ಅವಳ ಕೈಯಿಂದ ಹೋಗುತ್ತಾರೆ, ದಾಕ್ಷಿಯ ಕೈಯಿಂದ ಅವಳು ಹೋಗುತ್ತಾಳೆ. ಏನೂ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಗೊತ್ತಿಲ್ಲ ಅನ್ನುವ ಮಾತು ನನಗೆ ಉಸಿರಿನಷ್ಟು ಸಲೀಸು. ಅವತ್ತು ಅದನ್ನಂದರೆ ಸುಳ್ಳಾಗುತ್ತಿತ್ತು. ಮೈಯೆಲ್ಲ ದಣಿವು. ನೈಟ್ ಶಿಫ್ಟಿನದಲ್ಲ, ಇಷ್ಟು ವರ್ಷ ಸಿಕ್ಕ ಸಿಕ್ಕ ಮಾತಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಬಂದ ದಣಿವು.

ಎದ್ದೆ. ಅಕ್ಕನ ಕೈಯನ್ನು ತೋಳಿನಿಂದ ಬಿಡಿಸಿದೆ. ಕುರ್ಚಿಯನ್ನು ಎತ್ತಿ, ಬಿಸಿಲು ಬೀಳದ ಕಡೆ, ಕಂಬಕ್ಕೆ ಸರಿಯಾಗಿ ಒತ್ತಿ ಇಟ್ಟು ಮೆಟ್ಟಿಲು ಇಳಿದೆ.

“ನೋಡಿದ್ರೇನು,” ಅಂದರು ಶಶಿಕುಮಾರ ಹಿಂದಿನಿಂದ. “ಬಾಯೇ ಇಲ್ಲ.”

ಯಾರೋ ನಕ್ಕರು. ಸರ್ ಬಿಟ್ಟ ಉಸಿರು ನನಗೂ ಕೇಳಿಸಿತು. ಅಕ್ಕ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡಿರಬೇಕು, ಅವಳ ಬಳೆಯ ಸದ್ದಿನಿಂದ ತಿಳಿಯಿತು.

ಅಂಗಳದ ನಡುವೆ ಇದ್ದೆ, ದಾಕ್ಷಿಯ ದನಿ ಬಂತು. ಪಿಸುನುಡಿಯಲು ಆ ಹುಡುಗಿಗೆ ಇನ್ನೂ ಬರುವುದಿಲ್ಲ.

“ಟೀಚರ್, ಮಾಮಾ ಎದ್ದು ಹ್ವಾದ.”

“ಹೂಂ,” ಅಂದಳು ಮಾನಸಿ. ಬಸ್ಸಿನಲ್ಲಿ ಮೊದಲ ಸಲ ಕೇಳಿದ್ದೆನಲ್ಲ, ಎರಡು ಕಡೆ ತಡೆತಡೆದು ಬಂದ ನಗು, ಅದೇ. “ನೋಡಿದೆ. ನಡೀರಿ ಒಳಗ, ಲೆಕ್ಕ ಅರ್ಧಕ್ಕ ನಿಂತದ.”

ನಾನು ತಿರುಗಲಿಲ್ಲ. ಗೇಟು ದಾಟಿ, ನೆರಳು ಇರುವ ಬದಿ ಹಿಡಿದು, ಬಸ್ಸಿನ ಕಡೆ ನಡೆದೆ.